ಎರಡನೆಯ ಬ್ರೇಕು

ನೀರಿನ ಟ್ಯಾಂಕಿನ ಏರಿನಲ್ಲಿ ಕಾರು ಅರ್ಧಕ್ಕೆ ಬಂದು, ಒಮ್ಮೆ ಮುಗ್ಗರಿಸಿ, ಮತ್ತೆ ಎಂಜಿನ್ನು ಆರಿ ನಿಂತುಬಿಟ್ಟಿತು. ಮಗಳು ಸ್ಟಿಯರಿಂಗ್ ಮೇಲೆ ಹಣೆಯಿಟ್ಟಳು. ಹಿಂದಿನ ಸೀಟಿನಲ್ಲಿ ಕುಳಿತು ಅವಳ ಅಂಗಿಗೆ ಗುಂಡಿ ಹೊಲಿಯುತ್ತಿದ್ದ ತಾಯಿ ಸೂಜಿ ಚುಚ್ಚಿದ ಬೆರಳನ್ನು ಬಾಯಲ್ಲಿಟ್ಟುಕೊಂಡಳು. ಮಗಳ ಪಕ್ಕದಲ್ಲಿದ್ದ ತಂದೆ, ಊರಿಗೆಲ್ಲ ಡ್ರೈವಿಂಗ್ ಮೇಷ್ಟ್ರು, ಕಿಟಕಿಯಾಚೆ ನೋಡುತ್ತಾ ಹೇಳಿದರು: "ಕ್ಲಚ್ಚು ಬೇಗ ಬಿಟ್ಟೆ."

"ಬೇಗ ಬಿಟ್ಟಿಲ್ಲ ಅಪ್ಪಾ. ನೀನು ಹೇಳಿದ ಹಾಗೇ ಎಂಜಿನ್ನಿನ ಸದ್ದು ತಗ್ಗೋವರೆಗೂ ಕಾದೆ."

"ಹಾಗಾದ್ರೆ ತಡವಾಗಿ ಬಿಟ್ಟೆ."

"ಒಂದ್ಸಲ ಬೇಗ ಅಂತೀಯ, ಒಂದ್ಸಲ ತಡ ಅಂತೀಯ! ನಾಳೆ ಪರೀಕ್ಷೆ ಮಾಡೋಕೆ ಬರೋರೂ ಹೀಗೇ ಏರಲ್ಲಿ ನಿಲ್ಲಿಸ್ತಾರೆ. ಅಲ್ಲಿಂದ ಮೇಲಕ್ಕೆ ಹೊರಡದಿದ್ರೆ ನನ್ನ ಜಾಗಕ್ಕೆ ಬೇರೆಯವರು."

ಮಗಳು ನರ್ಸು. ಬರುವ ವಾರ ಕಡಲಾಚೆಯ ಗುಡ್ಡಗಾಡಿನ ದೇಶವೊಂದಕ್ಕೆ ಸೇವಾಸಂಸ್ಥೆಯೊಂದರ ಪರವಾಗಿ ಎರಡು ವರ್ಷಗಳ ಸ್ವಯಂಸೇವೆಗೆ ಹೊರಡಬೇಕಾದವಳು. ಅಲ್ಲಿ ಔಷಧಿಯ ವ್ಯಾನನ್ನು ಹಳ್ಳಿಯಿಂದ ಹಳ್ಳಿಗೆ ಅವಳೇ ಓಡಿಸಬೇಕು. ಗುಡ್ಡ ಹತ್ತಿಸಲು ಬಾರದವರನ್ನು ಸಂಸ್ಥೆ ಕಳಿಸುವುದಿಲ್ಲ. ಸಪಾಟು ರಸ್ತೆಯಲ್ಲಿ ಅವಳ ಕೈ ಚೆನ್ನಾಗಿ ಪಳಗಿತ್ತು. ಏರು ಬಂದಾಗ ಮಾತ್ರ ಎಲ್ಲ ಎಡವಟ್ಟಾಗುತ್ತಿತ್ತು.

ಮೇಷ್ಟ್ರ ಕಾರಿನಲ್ಲಿ ಬ್ರೇಕು ಎರಡು: ಒಂದು ಕಲಿಯುವವರ ಕಾಲಡಿ, ಇನ್ನೊಂದು ಕಲಿಸುವವರ ಕಾಲಡಿ. ಪ್ರಾಣಕ್ಕೆ ಸಂಚಕಾರ ಬಂದ ಹೊರತು ಎರಡನೆಯದನ್ನು ತುಳಿಯಕೂಡದೆಂಬುದು ಅವರೇ ಮಾಡಿಕೊಂಡಿದ್ದ ನಿಯಮ. ಊರಿನ ಅರ್ಧದಷ್ಟು ಬಸ್ಸು ಲಾರಿಗಳನ್ನು ಓಡಿಸುವವರು ಅವರ ಶಿಷ್ಯರು. "ಮೇಷ್ಟ್ರ ಕಾಲು ಸದಾ ನಿದ್ದೇಲಿರುತ್ತೆ, ಬಾಯಿ ಮಾತ್ರ ಎಚ್ಚರ" ಎಂದು ಅವರೆಲ್ಲ ನಗುತ್ತಿದ್ದರು. ಆ ಕಾಲಿಗೆ ಈ ವಾರ ನಿದ್ದೆ ಹಾರಿಹೋಗಿತ್ತು. ಮೊದಲ ದಿನ, ಕಾರು ಒಂದಂಗುಲ ಹಿಂದಕ್ಕೆ ಜಾರಿದ ಕ್ಷಣದಲ್ಲಿ, ಅದು ತಾನಾಗಿ ಬ್ರೇಕಿನ ಮೇಲೆ ಹೋಗಿ ಕೂತಿತು. ಬಿಗಿದ ಚಕ್ರಗಳನ್ನು ಎಳೆಯಲಾರದೆ ಎಂಜಿನ್ನು ಆರಿತು. ಮಗಳು ತನ್ನದೇ ತಪ್ಪೆಂದುಕೊಂಡಳು, ಮೇಷ್ಟ್ರು ಅಲ್ಲವೆನ್ನಲಿಲ್ಲ. ಇವತ್ತು ಕಾಲು ತಾನಾಗಿ ಹೋಯಿತೋ, ತಾವೇ ಕಳಿಸಿದರೋ ಎಂಬುದು ಅವರಿಗೇ ಖಚಿತವಿರಲಿಲ್ಲ.

"ಇನ್ನೊಂದೇ ಒಂದ್ಸಲ," ಎಂದು ಮಗಳು ಕಣ್ಣೊರೆಸಿಕೊಂಡಳು. ಕಾರು ಗುರುಗುಟ್ಟಿತು, ಕೂದಲೆಳೆಯಷ್ಟು ಜಾರಿತು, ಗಕ್ಕನೆ ನಿಂತು ಆರಿತು.

"ಇದು ನನ್ನ ಕೈಲಾಗೋದಲ್ಲ. ಸಂಸ್ಥೆಯವರಿಗೆ ಈಗಲೇ ಫೋನ್ ಮಾಡಿ ಬರಲ್ಲ ಅಂದುಬಿಡ್ತೀನಿ."

ಮೇಷ್ಟ್ರು ಬಾಯಿ ತೆರೆಯುವುದರೊಳಗೆ ಹಿಂದಿನ ಸೀಟಿನಿಂದ ತಾಯಿಯ ಮಾತು ಬಂತು.

"ಅಲ್ರೀ, ಮದುವೆಯಾದಾಗಿಂದ ನಿಮ್ಮ ಸ್ಕೂಟರಿನ ಹಿಂದೆ ಕೂತವಳು ನಾನು. ಬ್ರೇಕ್ ತುಳಿದಾಗಲೆಲ್ಲ ನಿಮ್ಮ ಬಲಭುಜ ಮೇಲೇಳುತ್ತೆ. ಈಗಲೂ ಎದ್ದಿತ್ತು."

"ಹಿಂದೆ ಕೂತು ನಿನಗೇನು ಕಾಣುತ್ತೆ? ಸುಮ್ಮನೆ ಗುಂಡಿ ಹೊಲಿ."

"ಇಷ್ಟು ವರ್ಷ ನಾನು ನೋಡಿದ್ದೇ ನಿಮ್ಮ ಬೆನ್ನು, ಕಾಣದೆ ಏನು? ಇವಳನ್ನ ಕಳಿಸೋಕೆ ನನಗೂ ಮನಸ್ಸಿಲ್ಲ, ಅದಕ್ಕೇ ಗಟ್ಟಿಯಾಗಿರೋ ಗುಂಡಿನೂ ಕಿತ್ತು ಹೊಲೀತಿದೀನಿ. ಹೋಗೋದು ಬೇಡ ಅಂತಿದ್ರೆ ಬಾಯಲ್ಲಿ ಹೇಳಿ. ಕಾಲಲ್ಲಿ ಹೇಳಬೇಡಿ."

ಮಗಳು ನಿಧಾನವಾಗಿ ತಿರುಗಿದಳು. ಅಪ್ಪನ ಮುಖವನ್ನಲ್ಲ, ಕಾಲನ್ನು ನೋಡಿದಳು. ಅದಿನ್ನೂ ಬ್ರೇಕಿನ ಮೇಲೆಯೇ ಇತ್ತು. ಮೇಷ್ಟ್ರು ಕೆಂಡ ಮೆಟ್ಟಿದವರಂತೆ ಅದನ್ನು ಹಿಂದಕ್ಕೆಳೆದುಕೊಂಡರು.

ಬೈಸಿಕೊಳ್ಳಲು ಅವರು ಸಿದ್ಧರಾಗಿದ್ದರು. ಆದರೆ ಮಗಳು ಬೈಯಲಿಲ್ಲ. "ವಾರದಿಂದ ನನ್ನ ಕಾಲಲ್ಲೇ ಏನೋ ಐಬಿದೆ ಅಂದ್ಕೊಂಡಿದ್ದೆ," ಎಂದಳು, ಮೆಲ್ಲಗೆ.

"ಜಾರಿಬಿಟ್ರೆ ಅಂತ ಭಯ, ಪುಟ್ಟಿ."

"ಅಲ್ಲೂ ಜಾರುತ್ತೆ ಅಪ್ಪಾ. ಆಗ ನಿನ್ನ ಸೀಟಲ್ಲಿ ಹೆರಿಗೆ ನೋವು ತಿನ್ನೋ ಹೆಂಗಸು ಕೂತಿರ್ತಾಳೆ. ಅವಳ ಕಾಲ ಹತ್ರ ಬ್ರೇಕಿರಲ್ಲ."

ಹೋಗಬೇಡ ಎಂಬ ಮಾತು ಮೇಷ್ಟ್ರ ನಾಲಿಗೆಯ ತುದಿಯವರೆಗೂ ಬಂದಿತ್ತು. ಅವರು ಅದನ್ನು ನುಂಗಿಕೊಂಡರು. ಬಗ್ಗಿ ಚಪ್ಪಲಿ ಕಳಚಿದರು. ಒಂದು ಕಾಲನ್ನು ಸೀಟಿನ ಮೇಲೆಳೆದುಕೊಂಡರು, ಆಮೇಲೆ ಇನ್ನೊಂದನ್ನು. ಮಂಡಿ ಗೇರಿಗೆ ತಾಗದಂತೆ ಸರಿಸಿಕೊಂಡು, ಚಕ್ಕಳಮಕ್ಕಳ ಹಾಕಿ ಕುಳಿತರು.

"ಏನ್ರೀ ಇದು, ಮಂಚದ ಮೇಲೆ ಕೂತ ಹಾಗೆ!"

"ನೀನು ಸುಮ್ಮನಿರು," ಎಂದು ಹೆಂಡತಿಗೂ, "ನಡಿ," ಎಂದು ಮಗಳಿಗೂ ಹೇಳಿದರು.

ಎಂಜಿನ್ನು ಚಾಲೂ ಆಯಿತು. ಮಗಳು ಹ್ಯಾಂಡ್‌ಬ್ರೇಕ್ ಇಳಿಸಿದಳು. ಕಾರು ಒಂದಂಗುಲ ಜಾರಿತು, ಎರಡಂಗುಲ ಜಾರಿತು, ಒಂದು ಗೇಣು ಜಾರಿತು. ಹಿಂದೆ ಸೂಜಿಯ ಓಡಾಟ ನಿಂತಿತು. ಎಂಜಿನ್ನಿನ ಸದ್ದು ತಗ್ಗಿತು, ಮೂತಿ ತುಸು ಮೇಲೆದ್ದಿತು, ಕಾರು ಇದ್ದಲ್ಲಿಯೇ ಒಮ್ಮೆ ನಡುಗಿ ನಿಂತು, ಏನೂ ಆಗದಂತೆ ಏರು ಹತ್ತತೊಡಗಿತು.

ತುದಿಯಲ್ಲಿ, ಟ್ಯಾಂಕಿನ ನೆರಳಿನಲ್ಲಿ ಕಾರು ನಿಲ್ಲಿಸಿ, ಮಗಳು ನಗುತ್ತಾ ಪಕ್ಕಕ್ಕೆ ತಿರುಗಿದಳು. ಮೇಷ್ಟ್ರು ಕಣ್ಣು ಮುಚ್ಚಿಕೊಂಡಿದ್ದರು. ತಮ್ಮ ಕಾಲಿನ ಎರಡೂ ಹೆಬ್ಬೆರಳುಗಳನ್ನು, ಬಿಟ್ಟರೆ ಎಲ್ಲಿ ಕೆಳಗಿಳಿದುಬಿಡುತ್ತವೋ ಎಂಬಂತೆ, ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದು ಕುಳಿತಿದ್ದರು.