ಬೆಳಕವಾಡಿಯ ಎಣ್ಣೆ ಕಲೆ

ನಾಗಮಣಿ ಬಗ್ಗಿ ಕಲೆಯ ಅಂಚಿಗೆ ಬೆರಳಿಟ್ಟು ಮೂಸಿದಳು. ಇಂಜಿನ್ ಎಣ್ಣೆ. ಇನ್ನೂ ಹಸಿ.

ಬೆಳಕವಾಡಿಯಲ್ಲಿ ನೆಂಟರ ಗೃಹಪ್ರವೇಶದ ಊಟ ಮುಗಿಸಿ ಬಸ್ಸಿಗೆ ಹೊರಟಿದ್ದವಳು, ಯಾರದೋ ಗೇಟಿನ ಮುಂದೆ ಹೀಗೆ ಕುಕ್ಕುರುಗಾಲಿನಲ್ಲಿ ಕೂತುಬಿಟ್ಟಿದ್ದಳು. ಒಂದು ದೊಡ್ಡ ಕಲೆ, ಪಕ್ಕದಲ್ಲಿ ಒಂದು ಚಿಕ್ಕದು. ಮಂಡ್ಯದ ತನ್ನ ಮನೆಯಂಗಳದಲ್ಲಿ ದಿನಾ ಬೆಳಿಗ್ಗೆ ಇದೇ ಜೋಡಿಯನ್ನು ಸೋಪಿನ ಪುಡಿ ಹಾಕಿ ಉಜ್ಜುವವಳು ಅವಳೇ. ಗಂಡ ಪ್ರಸನ್ನನ ಹಳೆಯ ಕಾರಿನ ಆಯಿಲ್ ಚೇಂಬರು, ಅಂದರೆ ಇಂಜಿನ್ನಿನ ತಳದಲ್ಲಿ ಎಣ್ಣೆ ತುಂಬಿಕೊಂಡಿರುವ ತಗಡಿನ ತೊಟ್ಟಿ, ಎರಡು ಕಡೆ ತೂತಾಗಿ ತಿಂಗಳುಗಟ್ಟಲೆಯಿಂದ ಸೋರುತ್ತಿತ್ತು.

ಅವಳು ಮದ್ದೂರಿನ ಮೆಕ್ಯಾನಿಕ್ ಚಿಕ್ಕಬೋರಯ್ಯನ ಮಗಳು. ಕಲೆಯ ಅಗಲ ನೋಡಿ ಗಾಡಿ ಎಷ್ಟು ಹೊತ್ತು ನಿಂತಿತ್ತೆಂದು ಹೇಳುವುದನ್ನು ಚಿಕ್ಕಂದಿನಲ್ಲೇ ಅಪ್ಪನಿಂದ ಕಲಿತಿದ್ದಳು. ವಡೆಯಗಲ ಇದ್ದರೆ ಯಾರೋ ಬಂದು ಕಾಫಿ ಕುಡಿದು ಹೋಗಿದ್ದಾರೆ. ಇದು ಊಟದೆಲೆಯಷ್ಟು ಅಗಲವಿತ್ತು. ಕಾರು ರಾತ್ರಿಯೆಲ್ಲ ಇಲ್ಲೇ ನಿಂತಿದೆ.

ಆ ರಾತ್ರಿ ಪ್ರಸನ್ನ ಬೆಂಗಳೂರಿನಲ್ಲಿದ್ದ. ಹಾಗಂತ ಹೇಳಿದ್ದ. ಕಚೇರಿಯ ತರಬೇತಿಯಿದೆ, ಕಾರನ್ನು ಮದ್ದೂರಿನಲ್ಲಿ ಮಾವನ ಶೆಡ್ಡಿಗೆ ಬಿಟ್ಟು ರೈಲಿಗೆ ಹೋಗುತ್ತೇನೆ ಎಂದಿದ್ದ.

ಎದುರಿನ ಅಂಗಡಿಯಲ್ಲಿ ವಿಚಾರಿಸಿದಳು. ಟೀಚರಮ್ಮನ ಮನೆಯಂತೆ. ಒಬ್ಬರೇ ಇರುವುದಂತೆ. ಆ ‘ಒಬ್ಬರೇ’ ಅವಳ ಹೊಟ್ಟೆಗೆ ಕೆಂಡ ಸುರಿಯಿತು. ಬಸ್ಸು ಮಳವಳ್ಳಿ ತಲುಪುವಷ್ಟರಲ್ಲಿ ಟೀಚರಮ್ಮನಿಗೆ ಮೂವತ್ತು ವರ್ಷವಾಗಿ ಉದ್ದ ಜಡೆ ಬಂದಿತ್ತು. ಮಂಡ್ಯ ಮುಟ್ಟುವ ಹೊತ್ತಿಗೆ ಕೆನ್ನೆಯಲ್ಲಿ ಗುಳಿಯೂ ಬಿದ್ದಿತ್ತು. ಹೊಟ್ಟೆಕಿಚ್ಚಿನಷ್ಟು ಚೆನ್ನಾಗಿ ಚಿತ್ರ ಬರೆಯುವವರು ಯಾರೂ ಇಲ್ಲ.

ಸಂಜೆ ಕಾರಿನಲ್ಲಿ ಬಂದಿಳಿದ ಪ್ರಸನ್ನನನ್ನು ಬಾಗಿಲಲ್ಲೇ ತಡೆದು ಕೇಳಿದಳು. ಅವನು ತಡವರಿಸಿದ.

“ಕಾರು ಮಾವನ ಹತ್ರನೇ ಇತ್ತು ಕಣೆ. ಬೇಕಾದ್ರೆ ಅವ್ರನ್ನೇ ಕೇಳು,” ಎಂದು ಮುಖ ತಿರುಗಿಸಿ ಒಳಗೆ ಹೋದ.

ಮರುದಿನವೇ ಅಪ್ಪನ ಫೋನು ಬಂತು. ಇಷ್ಟು ದಿನ ಎಣ್ಣೆ ಹಾಕಿಕೊಂಡು ಓಡಿಸಿ ಎನ್ನುತ್ತಿದ್ದವನು, ಹೊಸ ಚೇಂಬರು ಸಿಕ್ಕಿದೆ, ಇವತ್ತೇ ಕಾರು ತನ್ನಿ ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಪ್ರಸನ್ನನೇ ಅಪ್ಪನ ಬೆನ್ನು ಬಿದ್ದಿರಬೇಕು ಎಂದುಕೊಂಡಳು. ಸೋರುವುದು ನಿಂತರೆ ಸಾಕ್ಷಿ ಹೇಳುವುದೂ ನಿಲ್ಲುತ್ತದಲ್ಲ.

ಉಪ್ಸಾರು ಮುದ್ದೆಯ ಕ್ಯಾರಿಯರು ಹಿಡಿದು ಅವಳೂ ಕಾರು ಹತ್ತಿದಳು. ಅವ್ವ ತೀರಿಹೋದಾಗಿನಿಂದ ಅಪ್ಪನಿಗೆ ವಾರಕ್ಕೊಮ್ಮೆ ಊಟ ಒಯ್ಯುವುದು ಅವಳ ವಾಡಿಕೆ. ಈಚೆಗೆ ಅದು ಅರ್ಧ ತುಂಬಿಯೇ ವಾಪಸು ಬರುತ್ತಿತ್ತು. ಪಾಪ, ವಯಸ್ಸಾಯಿತು, ಊಟ ಸೇರುತ್ತಿಲ್ಲ ಎಂದು ಮರುಗುತ್ತಿದ್ದಳು.

ಮದ್ದೂರಿನ ಶೆಡ್ಡು ತಲುಪುತ್ತಲೇ ಪ್ರಸನ್ನ ಟೀ ಅಂಗಡಿಗೆ ಜಾರಿಕೊಂಡ. ಅಪ್ಪ ಕಾರನ್ನು ಜಾಕಿಗೆ ಏರಿಸಿ, ಕಪ್ಪೆಣ್ಣೆಯನ್ನು ಬೋಗುಣಿಗೆ ಇಳಿಸಿ, ಗೋಣಿ ಹಾಸಿಕೊಂಡು ಅಡಿಗೆ ನುಸುಳಿದ. ಹೊರಗೆ ಕಾಣುತ್ತಿದ್ದುದು ಪಾದಗಳು ಮಾತ್ರ. ಬೋಲ್ಟುಗಳು ಒಂದೊಂದಾಗಿ ಬಿಚ್ಚಿ ತಟ್ಟೆಗೆ ಬೀಳುತ್ತಿದ್ದವು. ನಾಗಮಣಿ ಆ ಪಾದಗಳ ಹತ್ತಿರ ಕೂತು ಎಲ್ಲವನ್ನೂ ಹೇಳಿಕೊಂಡಳು. ಬೆಳಕವಾಡಿ ಎಂದಾಗ ಸ್ಪ್ಯಾನರಿನ ಸದ್ದು ನಿಂತಿತು. ಮಗಳ ಸಂಕಟಕ್ಕೆ ಅಪ್ಪನ ಕೈಯೇ ಓಡುತ್ತಿಲ್ಲವಲ್ಲ ಎಂದು ಅವಳಿಗೆ ಅಳು ಒತ್ತರಿಸಿ ಬಂತು.

“ದಿಟ ಹೇಳಪ್ಪ. ಅವತ್ತು ರಾತ್ರಿ ಕಾರು ನಿನ್ನತ್ರ ಇತ್ತಾ?”

ಅಡಿಯಲ್ಲಿ ಒಂದು ಬೋಲ್ಟು ಅಪ್ಪನ ಕೈಜಾರಿ ತಟ್ಟೆಯಾಚೆ ಉರುಳಿತು.

“ನನ್ನತ್ರನೇ ಇತ್ತು ಕಣವ್ವ. ಅಳಿಯ ಒಳ್ಳೇವ್ನು. ಅವುನ್ ಮ್ಯಾಲೆ ಅನುಮಾನ ಪಡಬ್ಯಾಡ.”

ಅವಳ ಎದೆ ಒಡೆದುಹೋಯಿತು. ಹುಟ್ಟಿದಂದಿನಿಂದ ಒಂದು ಸುಳ್ಳನ್ನೂ ಹೇಳದ ಅಪ್ಪ, ಮಗಳ ಸಂಸಾರ ಉಳಿಸಲು ಸುಳ್ಳು ಹೇಳುತ್ತಿದ್ದಾನೆ. ಇದಕ್ಕೂ ಪ್ರಸನ್ನನೇ ಕಾರಣ ಎಂದು ಹಲ್ಲು ಕಡಿದಳು.

“ಇನ್ನೊಂದ್ ಸಲ ಇಂಗಾದ್ರೆ ಗಂಟು ಕಟ್ಕೊಂಡು ಇಲ್ಲಿಗೇ ಬತ್ತೀನಿ. ಆ ಮನೇಲಿ ಮಾತ್ರ ಬಾಳಲ್ಲ.”

“ಬಾರವ್ವ, ನಿನ್ ಮನೆ,” ಎಂದ ಅಪ್ಪ. “ಬರೋಕ್ ಮುಂಚೆ ಒಂದ್ ಫೋನ್ ಮಾಡು.”

ಎಣ್ಣೆ ಜಿನುಗದಂತೆ ಸಂದಿಗೆ ಕೂರಿಸಿದ್ದ ಹಳೆಯ ಪ್ಯಾಕಿಂಗನ್ನು ಅಪ್ಪ ಕೆರೆದು ತೆಗೆದ. ಹೊಸ ಚೇಂಬರು ಕೂರಿಸಿ, ಒಂದೇ ಕಡೆ ಬಿಗಿಯಾಗದಂತೆ ಎದುರುಬದುರಿನ ಬೋಲ್ಟುಗಳನ್ನು ಸ್ವಲ್ಪಸ್ವಲ್ಪವೇ ತಿರುಗಿಸಿದ. ಹೊಸ ಎಣ್ಣೆ ತುಂಬಿ, ಇಂಜಿನ್ ಓಡಿಸಿ, ಅಡಿಗೆ ಟಾರ್ಚು ಬಿಟ್ಟು ಮತ್ತೆ ಮತ್ತೆ ನೋಡಿದ. ಒಂದು ತೊಟ್ಟೂ ಇರಲಿಲ್ಲ.

ಆಮೇಲೆ ಅವಳ ಅಂಗಳ ಚೊಕ್ಕಟವಾಗಿಯೇ ಇತ್ತು. ಮನಸ್ಸು ಮಾತ್ರ ಸೋರುತ್ತಲೇ ಇತ್ತು. ಪ್ರಸನ್ನನ ಅಂಗಿ ಮೂಸಿದಳು. ಫೋನು ತಡಕಿದಳು. ಅವನು ನಕ್ಕರೆ ಯಾರನ್ನು ನೆನೆಸಿಕೊಂಡನೋ ಎನ್ನಿಸಿತು. ಸುಮ್ಮನಿದ್ದರೂ ಅದೇ ಎನ್ನಿಸಿತು.

ಅಷ್ಟರಲ್ಲಿ ಮತ್ತೊಂದು ಶನಿವಾರ, ಮತ್ತೊಂದು ತರಬೇತಿ. ಹೊಸ ಪ್ಯಾಕಿಂಗು ಕೂತಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಬೇಕಂತೆ, ಕಾರನ್ನು ಮಾವನ ಹತ್ತಿರವೇ ಬಿಡುತ್ತೇನೆ ಎಂದು ಪ್ರಸನ್ನ ಹೊರಟ. ನಾಗಮಣಿ ಹೂಂ ಎಂದಳು. ಭಾನುವಾರ ನಸುಕಿನಲ್ಲೇ ಬ್ಯಾಗಿಗೆ ಸೀರೆಗಳನ್ನು ತುರುಕಿ ಮಳವಳ್ಳಿ ಬಸ್ಸು ಹತ್ತಿದಳು. ಅಲ್ಲಿ ಕಾರು ಕಂಡರೆ ಮಂಡ್ಯಕ್ಕೆ ತಿರುಗಿ ಬರುವುದಿಲ್ಲ. ಬೆಳಕವಾಡಿಯಿಂದ ಸೀದಾ ಅಪ್ಪನ ಮನೆಗೆ.

ಕಾರು ಅದೇ ಗೇಟಿನ ಮುಂದೆ ನಿಂತಿತ್ತು. ಗಾಜಿನ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ.

ಬಾಗಿಲನ್ನು ಗಟ್ಟಿಯಾಗಿ ಬಡಿದಳು. ಆಡಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಮಸೆದುಕೊಂಡು ಬಂದಿದ್ದಳು. ಬಾಗಿಲು ತೆರೆದದ್ದು ಅರವತ್ತರ ಹತ್ತಿರದ ಹೆಂಗಸು. ನರೆತ ತಲೆ, ದಪ್ಪ ಕನ್ನಡಕ, ಕೈಗೆ ಅಂಟಿದ ರಾಗಿ ಹಿಟ್ಟು. ಟೀಚರಮ್ಮನ ತಾಯಿ ಇರಬೇಕು ಎಂದು ನಾಗಮಣಿ ಅವರ ಹೆಗಲಾಚೆ ಉದ್ದ ಜಡೆಯವಳನ್ನು ಹುಡುಕಿದಳು. ಮನೆಯೊಳಗೆ ಬೇರೆ ಹೆಣ್ಣಿನ ಸುಳಿವೇ ಇರಲಿಲ್ಲ. ಹಿತ್ತಲ ಕಡೆಯಿಂದ ನೀರು ಹುಯ್ದುಕೊಳ್ಳುವ ಸದ್ದು ಬರುತ್ತಿತ್ತು.

ಆಕೆ ಅವಳ ಮುಖ ನೋಡಿದರು, ಬ್ಯಾಗು ನೋಡಿದರು, ಮೆಲ್ಲಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

“ಬಾ ನಾಗಮಣಿ, ಕೂತ್ಕೊ ಮಗ. ನಿಮ್ಮಪ್ಪ ಸ್ನಾನಕ್ಕೆ ಹೋಗವ್ರೆ.”