ಮೂಡಣ ಇಳಿಜಾರಿನ ರಾಗಿ

ಕೆಂಬರೆ ಬೆಟ್ಟ ದಿನವೂ ಬೆಳಿಗ್ಗೆ ತನ್ನ ಹಳೆಯ ವರ್ಷಗಳಲ್ಲಿ ಒಂದನ್ನು ತೋರಿಸುತ್ತಿತ್ತು. ಅದು ಯಾವುದೆಂದು ರಾಷ್ಟ್ರೀಯ ಉದ್ಯಾನದ ಗೇಟಿನ ಬೋರ್ಡಿನಲ್ಲಿ ಬರೆಯುವುದು ಗೈಡ್ ಜಡೆಯನ ಕೆಲಸ. ಹಿಂದೆ ಬೆಟ್ಟದ ಹಾಡಿಯಲ್ಲಿ ವಾಸವಿದ್ದ ಸೋಲಿಗರು ವರ್ಷಕ್ಕೊಂದು ಇಳಿಜಾರಿನಲ್ಲಿ ರಾಗಿ ಬಿತ್ತುತ್ತಿದ್ದರಿಂದ, ಹೊಲ ನೋಡಿಯೇ ಅವನು ವರ್ಷ ಹೇಳುತ್ತಿದ್ದ.

ಇಂದು ರಾಗಿ ಮೂಡಣ ಇಳಿಜಾರಿನಲ್ಲಿತ್ತು. ಬೋರ್ಡು ಬರೆಯುವುದನ್ನು ಬಿಟ್ಟು ಅವನು ತಾಯಿ ಕೇತಮ್ಮನನ್ನು ಕರೆತಂದ. ಅವಳು ಹುಟ್ಟಿದ ವರ್ಷ ಅದು. ಹೆರಿಗೆಯಲ್ಲೇ ತೀರಿಕೊಂಡ ತನ್ನ ಅವ್ವನ ಮುಖವನ್ನು ಅವಳು ಕಂಡಿರಲಿಲ್ಲ.

“ಬಿರ್ರನೆ ನೋಡವ್ವ, ಬಿಸ್ಲು ಏರುದ್ರೆ ಅಳ್ಸೋಯ್ತದೆ,” ಎಂದು ದುರ್ಬೀನು ಕೊಟ್ಟ.

“ಸುಮ್ಕಿರ್ಲಾ, ನೋಡ್ತಾವ್ನಿ.”

ರಾಗಿ ಹೊಲದ ಅಂಚಿನ ಗುಡಿಸಲ ಮುಂದೆ ತುಂಬು ಬಸುರಿ ಹೆಂಗಸೊಬ್ಬಳು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

“ಅವ್ಳೇ ನಿನ್ ಅವ್ವ ಅಂತ ಹೆಂಗ್ ಗೊತ್ತವ್ವ?”

“ಆ ವರ್ಷ ನಮ್ಮ ಹಾಡೀಲಿ ಬಸ್ರಿ ಇದ್ದೋಳು ಅವ್ಳೊಬ್ಳೇ ಅಂತೆ,” ಎಂದಳು ಕೇತಮ್ಮ, ದುರ್ಬೀನು ಇಳಿಸದೆ. “ಆ ಹೊಟ್ಟೇಲಿರೋದು ನಾನು ಕಣ್ಲಾ.”