ಲೀಟರಿಗೆ ತೊಂಬತ್ತು

ಅವಳು ಅಳತೆಯ ಜಾಡಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಇನ್ನೊಮ್ಮೆ ನೋಡಿದಳು. ಶಾಲೆಯ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ವರ್ಷಗಟ್ಟಲೆ ಪಳಗಿದ ಕಣ್ಣು ಅದು. ಜಾಡಿಯ ಗೆರೆ ಓದುವುದರಲ್ಲಿ ಮೋಸಹೋಗುವಂಥದ್ದಲ್ಲ. ಹೋದ ಭಾನುವಾರ ಬೈಕಿನ ಟ್ಯಾಂಕನ್ನು ಬಾಯಿಯವರೆಗೆ ತುಂಬಿಸಿದ್ದಳು. ಈ ಭಾನುವಾರ ಮತ್ತೆ ಬಾಯಿ ಮುಟ್ಟಲು ಎಷ್ಟು ಹಿಡಿಯಿತೋ ಅಷ್ಟೇ ವಾರದ ಪೆಟ್ರೋಲು. ಓಡಿದ ಕಿಲೋಮೀಟರನ್ನು ಅದರಿಂದ ಭಾಗಿಸಿದರೆ ಮುಗಿಯಿತು.

ಲೆಕ್ಕ ಸರಿಯಾಗಿತ್ತು. ಉತ್ತರ ಮಾತ್ರ ಸರಿಯಿರಲಿಲ್ಲ. ಆ ಮುದಿ ಬೈಕು ಹೊಸದಾಗಿದ್ದಾಗಲೂ ಐವತ್ತು ದಾಟಿದ್ದಿಲ್ಲ.

“ಎಷ್ಟು ಬಂತು?” ಗಂಡ ಬಾಗಿಲಲ್ಲಿ ನಿಂತು ಕೇಳಿದ.

“ತೊಂಬತ್ತು.”

“ಭೇಷ್. ನಿನ್ನ ಕೈಗುಣ.”

“ನನ್ನ ಕೈಗುಣಕ್ಕೆ ಬೈಕು ಗಾಳಿ ಕುಡಿದು ಓಡುತ್ತೇನ್ರೀ?”

“ನಿಧಾನವಾಗಿ ಹೋಗ್ತೀನಿ ಈಗ. ಅದಕ್ಕೇ ಇರಬೇಕು.” ಅಷ್ಟು ಹೇಳಿ ಒಳಗೆ ಹೋಗಿ, ಮೀನಖಂಡ ನೀವಿಕೊಳ್ಳುತ್ತ ಮಂಚದ ಮೇಲೆ ಉರುಳಿಕೊಂಡ.

ಈ ಮೈಲೇಜಿನ ಹುಚ್ಚು ಅವಳಿಗೆ ಹತ್ತಿದ್ದು ಬೈಕಿನಿಂದ ಬಿದ್ದ ಮೇಲೆ. ಲಾರಿಯೊಂದು ಉಜ್ಜಿಕೊಂಡು ಹೋಗಿ ಇಬ್ಬರೂ ರಸ್ತೆಗೆ ಉರುಳಿದ್ದರು. ಅವಳ ಮೊಣಕೈ ಮುರಿಯಿತು. ಅವನಿಗೆ ತರಚಿದ ಗಾಯವೂ ಆಗಲಿಲ್ಲ. ಬೈಕು ಮಾರಿಬಿಡೋಣ ಎಂದು ಅವನು ಒಮ್ಮೆ ಅಂದಿದ್ದ. “ಪೆಟ್ಟು ತಿಂದ ನಾನೇ ಹೆದರಿಲ್ಲ, ನಿಮಗೇನ್ರೀ ಬಂತು?” ಎಂದು ಅವಳು ನಕ್ಕಿದ್ದಳು. ಆಮೇಲೆ ಅವನು ಆ ಮಾತೆತ್ತಲಿಲ್ಲ.

ಪ್ಲಾಸ್ಟರಿನ ಕೈ ಇಟ್ಟುಕೊಂಡು ಮನೆಯಲ್ಲಿ ಹೊತ್ತು ಹೋಗದೆ, ಬೈಕಿಗೆ ಗಂಟುಬಿದ್ದಳು. ಕಾರ್ಬುರೇಟರ್ ಬಿಚ್ಚಿಸಿ ತೊಳೆಸಿದಳು. ಪ್ಲಗ್ ಬದಲಿಸಿದಳು, ಟೈರಿನ ಗಾಳಿ ಸರಿಮಾಡಿಸಿದಳು. ಮೊದಲ ಸಲ ಮೈಲೇಜು ಮೇಲೇರಿದಾಗ ಗಟ್ಟಿಯಾಗಿ ನಕ್ಕುಬಿಟ್ಟಿದ್ದಳು. ಗಂಡ ಆ ನಗುವನ್ನೇ ಬಹಳ ಹೊತ್ತು ನೋಡುತ್ತಿದ್ದ. ಅಲ್ಲಿಂದಾಚೆಗೆ ವಾರವಾರವೂ ಏರುತ್ತಲೇ ಹೋಯಿತು.

ಮೊದಮೊದಲು ಹೆಮ್ಮೆ. ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಅವನು ಕೆಲಸ ಮಾಡುವ ಪ್ರೆಸ್ಸು ಬೈಕಿಗೆ ಹತ್ತು ನಿಮಿಷದ ದಾರಿ. ಆದರೂ ಒಂದು ಗಂಟೆ ಮುಂಚೆ ಹೊರಡುತ್ತಿದ್ದ. ಚೀಲದಲ್ಲಿ ಇನ್ನೊಂದು ಅಂಗಿ. ಸಂಜೆ ತಡವಾಗಿ ಬಂದವನು ಅವಳ ಮುಖವನ್ನೂ ನೋಡದೆ ನೇರ ಬಚ್ಚಲಿಗೆ. ತನ್ನ ಬಟ್ಟೆ ತಾನೇ ಒಗೆದುಕೊಳ್ಳುತ್ತಿದ್ದ. ಹೊಟ್ಟೆ ಕರಗಿತ್ತು. ಹೊಸ ಶೂ ಬಂದಿತ್ತು.

“ಏನ್ರೀ, ಮದುವೆ ಗಂಡಿನ ಹಾಗಾಗ್ತಿದ್ದೀರಿ?”

“ವಯಸ್ಸಾಯ್ತಲ್ಲ. ಮೈ ಇಳಿಸ್ಬೇಕು.”

“ಯಾರಿಗೋಸ್ಕರ?”

“ಇದೊಳ್ಳೆ ಪ್ರಶ್ನೆ,” ಎಂದು ಅವನು ಪೇಪರು ಅಡ್ಡ ಹಿಡಿದ.

ಶಾಲೆಗೆ ಬಿಡಿ ಎಂದು ಕೇಳಿದರೆ, “ಇಬ್ಬರ ಭಾರಕ್ಕೆ ಮೈಲೇಜ್ ಇಳಿಯುತ್ತೆ, ಬಸ್ಸಿಗೆ ಹೋಗು” ಎಂದ. ಆ ಹಿಂದಿನ ಸೀಟಿನ ತಗ್ಗು ಅವಳ ಮೈಯಿಂದಲೇ ಬಿದ್ದದ್ದು. ಮಗು ಇಲ್ಲದ ಮನೆಯಲ್ಲಿ ಇಷ್ಟು ವರ್ಷ ಅವಳದು ಅಂತ ಇದ್ದ ಜಾಗ ಅದೊಂದೇ ಅಂತ ಅನಿಸಿತು.

ಆ ತೊಂಬತ್ತು ಬಂದ ಭಾನುವಾರ ಸಂಜೆ ಚೈನು ಬಿಗಿಮಾಡಲು ಮೆಕ್ಯಾನಿಕ್ ಬಂದ. ಗಂಡ ಒಳಗೆ ಗೊರಕೆ ಹೊಡೆಯುತ್ತಿದ್ದ. ಅವಳು ದನಿ ತಗ್ಗಿಸಿ ಕೇಳಿದಳು.

“ತೊಂಬತ್ತಾ?” ಮೆಕ್ಯಾನಿಕ್ ಪಾನಾ ಕೆಳಗಿಟ್ಟ. “ಅಕ್ಕಾ, ಈ ಅಜ್ಜನಿಗೆ ಅಷ್ಟು ದಮ್ಮಿಲ್ಲ.”

“ಮೀಟರ್ ಕೆಟ್ಟಿರಬಹುದಾ?”

ಅವನು ಬೈಕನ್ನು ಸ್ಟ್ಯಾಂಡಿಗೆ ಹಾಕಿ, ಹಿಂಬದಿ ಅದುಮಿ, ಮೇಲೆದ್ದ ಮುಂದಿನ ಚಕ್ರವನ್ನು ಕೈಯಿಂದ ಗರಗರ ತಿರುಗಿಸಿದ. ಮೀಟರಿನ ಕೊನೆಯ ಅಂಕಿ ಹೊರಳಿತು.

“ನೋಡಿ, ಸರಿಯಾಗೇ ಇದೆ. ಪಾಪ, ಅದಕ್ಕೆ ಸುಳ್ಳು ಹೇಳೋಕೆ ಬರಲ್ಲ.”

“ಮತ್ತೆ?”

“ಮಧ್ಯದಲ್ಲಿ ಯಾರೋ ಪೆಟ್ರೋಲ್ ಹಾಕಿಸ್ತಿರಬೇಕು. ಅಂಥ ಪುಣ್ಯಾತ್ಮರು ಸಿಕ್ಕರೆ ನನಗೂ ಹೇಳಿ ಅಕ್ಕಾ, ನನ್ನ ಗಾಡಿನೂ ಅದೇ ದಾರೀಲಿ ಹೋಗುತ್ತೆ.”

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ.

ಮರುದಿನ ಗಂಡ ಹೊರಟ. ಎಂದಿನಂತೆ ಮೊದಲ ಗೇರಿನಲ್ಲೇ, ಓಣಿಯ ಗೋಡೆ ಸವರಿಕೊಂಡು. ನನ್ನ ಕಣ್ಣಿಗೆ ಕಾಣುವವರೆಗೆ ಮಾತ್ರ ಈ ಸಭ್ಯತೆ, ಅಂದುಕೊಂಡಳು. ಶಾಲೆಗೆ ರಜೆ ಹೇಳಿ, ಎರಡು ಜೊತೆ ಬಟ್ಟೆ ಚೀಲಕ್ಕೆ ತುರುಕಿ, ಹಿಂಬದಿಯ ರಸ್ತೆಯಲ್ಲಿ ಆಟೋ ಹಿಡಿದಳು. ಪ್ರೆಸ್ಸಿಗೆ ಸ್ವಲ್ಪ ಮುಂಚೆ, ಹೆದ್ದಾರಿಯಂಚಿನ ಜೆರಾಕ್ಸ್ ಅಂಗಡಿಯ ಕಂಬದ ಮರೆಯಲ್ಲಿ ನಿಂತಳು. ಹಿಂದಿನ ಸೀಟಿನಲ್ಲಿ ಇನ್ನೊಬ್ಬಳು ಕಂಡರೆ ಮತ್ತೆ ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಅಷ್ಟು ತೀರ್ಮಾನವಾಗಿತ್ತು.

ಎಷ್ಟು ಹೊತ್ತಾದರೂ ಬೈಕಿನ ಸುಳಿವಿಲ್ಲ. ಹತ್ತು ನಿಮಿಷದ ದಾರಿ. ಈಗ ಆ ಇನ್ನೊಬ್ಬಳ ಮನೆಯಲ್ಲಿ ಕೂತಿರಬೇಕು. ಕಾಫಿ ಕುಡಿಯುತ್ತಿರಬೇಕು. ಅವಳ ಮೊಣಕೈ ಜುಮುಗುಡತೊಡಗಿತು.

ಕೊನೆಗೆ ದೂರದ ತಿರುವಿನಲ್ಲಿ ಆ ಕೆಂಪು ಟ್ಯಾಂಕು ಕಂಡಿತು. ಅಷ್ಟರಲ್ಲಿ ಲಾರಿಯೊಂದು ಹಾರ್ನು ಬಾರಿಸುತ್ತ ಅಡ್ಡ ಬಂತು. ಅವಳು ಕಂಬ ಹಿಡಿದು ಕತ್ತು ಚಾಚಿದಳು. ಲಾರಿ ಸರಿಯಿತು.

ಹಿಂದಿನ ಸೀಟು ಖಾಲಿಯಿತ್ತು.

ಮುಂದಿನದೂ ಖಾಲಿ, ರಸ್ತೆಯ ಅಂಚಿನಲ್ಲಿ ಅವಳ ಗಂಡ ಬೆವರಿನಿಂದ ತೊಯ್ದು, ಎರಡೂ ಕೈಯಿಂದ ಹ್ಯಾಂಡಲ್ ಅವುಚಿಕೊಂಡು ಕಣ್ಣು ಮುಚ್ಚಿ ನಿಂತಿದ್ದ, ಲಾರಿಯ ಸದ್ದು ಪೂರ್ತಿ ಅಡಗಿದ ಮೇಲೆ ಕಣ್ಣು ತೆರೆದು ಬೈಕನ್ನು ಮತ್ತೆ ತಳ್ಳತೊಡಗಿದ.